ಎರಡು ಸಭೆ, ಒಂದು ಪಾಲಿನ ಎಮ್ಮೆ

ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆಯ ಚಟವಿತ್ತು. ಪರವಾಗಿ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ವಿಷಯ ಯಾವುದಾದರೇನು, ಎದುರಿನವರ ಮಾತಿನಲ್ಲಿ ಬಿರುಕು ಹುಡುಕಿದರೆ ಮುಗಿಯಿತು. ಬೆಳೆದದ್ದು ದಾಂಡೇಲಿಯಲ್ಲಿ, ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಬೆಳಗಾವಿ ಕಡೆಯಿಂದ ಬಂದು ಕಾರ್ಖಾನೆ ಸೇರಿದ್ದ ಅಪ್ಪ ಪಾಳಿ ಮುಗಿಸಿ ಬಂದರೆ ನನ್ನ 'ಯಾಕ, ಹೆಂಗ' ಶುರುವಾಗುತ್ತಿತ್ತು. ಕೊನೆಗೆ ಅವರು ಕೈಮುಗಿದು, "ತಾಯಿ, ನೀನ ಗೆದ್ದಿ. ಇನ್ನ ನನಗ ಮಲಗಾಕ ಬಿಡು" ಅನ್ನುತ್ತಿದ್ದರು. ಇಂಥವಳಿಗೆ ಸಿಕ್ಕ ಮೊದಲ ಕೆಲಸ ಏನೆಂದರೆ, ಜಗಳವಾಡದ ಹಾಗೆ ಜನರನ್ನು ಒಂದು ಕಡೆ ಕೂಡಿಸುವುದು. ಅಪ್ಪ ಕೇಳಿ ನಕ್ಕಿದ್ದೇ ನಕ್ಕಿದ್ದು.

ಎರಡು ಸಾವಿರದ ಇಸವಿ ದಾಟಿದ ಆರಂಭದ ವರ್ಷಗಳು. ಬುದ್ಧಿ ಬೆಳವಣಿಗೆ ನಿಧಾನವಿರುವ, ಕಣ್ಣು ಕಿವಿ ಕೈಕಾಲಿನ ತೊಂದರೆ ಇರುವ ಮಕ್ಕಳು ಊರ ಶಾಲೆಯಲ್ಲೇ ಉಳಿದವರ ಜೊತೆ ಕಲಿಯಬೇಕು ಎಂಬ ಯೋಜನೆ ಬಂದಿತ್ತು. ಹಳಿಯಾಳ ತಾಲೂಕಿನ ಹಳ್ಳಿಗಳಿಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೋಗಿ ಅಂಥ ಮಕ್ಕಳನ್ನು, ಅವರ ಮಾಸ್ತರರನ್ನು ನೋಡಿಕೊಳ್ಳುವ ಸುತ್ತಾಟದ ಶಿಕ್ಷಕಿ ನಾನು. ತರಬೇತಿ ಕೊಟ್ಟವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಅಧಿಕಾರಿ. ಪ್ರತಿ ಮಗುವಿಗೂ ಒಂದು ವರ್ಷದ ಯೋಜನೆ ಬೇಕು, ಅದನ್ನು ಮಾಸ್ತರರೊಬ್ಬರೇ ಬರೆಯುವಂತಿಲ್ಲ, ತಂದೆತಾಯಿ ಮತ್ತು ಮಾಸ್ತರರು ಸರಿಸಮ ಕೂತು ಮಾತಾಡಿ ಬರೆಯಬೇಕು, ಆ ಸಭೆಗೆ ಎರಡೂ ಕಡೆಯವರನ್ನು ಮುಂಚಿತವಾಗಿ ಅಣಿ ಮಾಡುವುದು ನಿಮ್ಮ ಕೆಲಸ ಎಂದು ಅವರು ಹೇಳಿದರು.

ನಾನು ಎದ್ದು ನಿಂತೆ. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೂ ಬಾರದೆ, ಸೆರಗು ಹೊದ್ದು 'ಹೂಂ ರೀ, ಹೂಂ ರೀ' ಅನ್ನುವ ತಾಯಿ ಒಂದು ಕಡೆ. ಕುರ್ಚಿಯಲ್ಲಿ ಕೂತ ಮಾಸ್ತರರು ಇನ್ನೊಂದು ಕಡೆ. ಇವರು ಸರಿಸಮ ಮಾತಾಡುತ್ತಾರೆ ಅನ್ನುವುದಕ್ಕೆ ನಿಮ್ಮಲ್ಲಿ ಇರುವ ಆಧಾರ ಏನು ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಯಾರೋ ಮೇಜು ಕುಟ್ಟಿದರು. ಅಧಿಕಾರಿಗಳು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡು, "ಆಧಾರ ಏನೂ ಇಲ್ಲವ್ವಾ. ಅದಕ್ಕ ನಿನ್ನ ಕಳಸಾಕತ್ತೇವಿ" ಅಂದರು. ಉತ್ತರ ಅಷ್ಟೇನೂ ತರ್ಕಬದ್ಧವಾಗಿರಲಿಲ್ಲ. ಆದರೂ ನಾನು ಕೂತುಬಿಟ್ಟೆ.

ನಾನು ಹೇಳಹೊರಟಿರುವ ಹುಡುಗಿ ಹಳಿಯಾಳದಿಂದ ಕಬ್ಬಿನ ಹೊಲಗಳ ನಡುವೆ ಹೋಗುವ ರಸ್ತೆಯ ಮೇಲಿನ ಒಂದು ಸಣ್ಣ ಊರಿನವಳು. ವಯಸ್ಸು ಒಂಬತ್ತಾದರೂ ಬುದ್ಧಿ ನಾಲ್ಕೈದರ ಹತ್ತಿರ ಆಡುತ್ತಿತ್ತು. ಎರಡು ಮೂರು ಪದ ಸೇರಿಸಿ ಮಾತಾಡುತ್ತಿದ್ದಳು. ಎಲ್ಲರ ಜೊತೆ ಮೂರನೇ ಇಯತ್ತೆಗೆ ಬಂದು ಕೂತಿದ್ದಳು. ಅವಳ ಅಪ್ಪ ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ, ಹಬ್ಬಕ್ಕೊಮ್ಮೆ ಬರುತ್ತಿದ್ದ. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಇಬ್ಬರೇ ಶಿಕ್ಷಕರು. ಹೆಡ್ ಮಾಸ್ತರರೇ ಅವಳ ಇಯತ್ತೆಗೂ ಪಾಠ ಮಾಡಬೇಕು. ಅವರ ವಿಚಾರ ಸ್ಪಷ್ಟವಿತ್ತು: ಹುಡುಗಿಯನ್ನು ಧಾರವಾಡದಲ್ಲಿ ಇಂಥ ಮಕ್ಕಳಿಗೆಂದೇ ಇರುವ ವಸತಿ ಶಾಲೆಗೆ ಕಳಿಸಿಬಿಡಬೇಕು. ಅವ್ವನ ವಿಚಾರವೂ ಅಷ್ಟೇ ಸ್ಪಷ್ಟ: ಹುಡುಗಿ ತನ್ನ ಕಣ್ಣ ಮುಂದೆ, ಈ ಊರಲ್ಲೇ, ಈ ಶಾಲೆಯಲ್ಲೇ ಇರಬೇಕು. ನಾನು ಮಾಡಿಸಬೇಕಾದ ಸಭೆ ತೀರ್ಮಾನಿಸಬೇಕಾದದ್ದು ಇದನ್ನೇ.

ಸಭೆಗೆ ಮುಂಚೆ ಅವ್ವನ ಮನೆಗೆ ಹೋಗಿ, ಹೆದರಬೇಡಿ, ಸುಮ್ಮನೆ ತಲೆ ಅಲ್ಲಾಡಿಸಬೇಡಿ, ನಿಮ್ಮ ಮಗಳ ಬಗ್ಗೆ ನೀವೇ ಮಾತಾಡಿ ಎಂದು ಹೇಳಿಬಂದೆ. ಮಾಸ್ತರರಿಗೂ ಅದನ್ನೇ ಸ್ವಲ್ಪ ಗೌರವ ಹಚ್ಚಿ ಹೇಳಿದೆ. ಇಬ್ಬರೂ ಆಗಲಿ ಅಂದರು. ಇಬ್ಬರೂ ಚೆನ್ನಾಗಿಯೇ ಅಣಿಯಾದರು. ಅಲ್ಲಿಯೇ ಎಡವಟ್ಟಾಯಿತು.

ಆ ದಿನ ಹುಡುಗಿ ಹಳದಿ ಪರಕಾರ, ಹಸಿರು ಪೋಲಕ ತೊಟ್ಟು, ಎಣ್ಣೆ ಹಚ್ಚಿದ ಎರಡು ಜಡೆಯಲ್ಲಿ ಅಬ್ಬಲಿಗೆ ಮುಡಿದು ಬಂದಳು. ಅವ್ವ ಇಳಕಲ್ ಸೀರೆಯಲ್ಲಿದ್ದಳು. ಜೊತೆಗೆ ಹುಡುಗಿಯ ಸೋದರಮಾವ, ಬಿಳಿ ಟೋಪಿ, ಇಸ್ತ್ರಿ ಮಾಡಿದ ಧೋತರ. ಶಾಲೆಯೂ ಕಡಿಮೆಯಿರಲಿಲ್ಲ. ಗೋಡೆಗೆ ಹೊಸ ಚಿತ್ರಪಟ, ಮೇಜಿಗೆ ಹೂವಿನ ಬಟ್ಟೆ, ಹುಡುಗಿ ಎಂದೂ ಮುಟ್ಟಿರದ ಬಣ್ಣದ ಮಣಿಗಳ ಚೌಕಟ್ಟು ಎದುರಿಗೇ. ಅವ್ವ ಏನನ್ನೂ ತಪ್ಪು ತಿಳಿದಿರಲಿಲ್ಲ. ಇದು ಶಾಲೆಯ ಸಭೆ ಎಂದು ಅವಳಿಗೆ ಗೊತ್ತಿತ್ತು. ಆದರೆ ನಾಲ್ಕು ಜನ ಗಂಡಸರು ಕೂತು ಒಂದು ಹೆಣ್ಣುಮಗುವಿನ ಭವಿಷ್ಯ ಮಾತಾಡುವ ಜಾಗಕ್ಕೆ ಹೋಗುವ ರೀತಿ ಆ ಊರಿಗೆ ಒಂದೇ ಗೊತ್ತಿದ್ದದ್ದು, ಕನ್ಯೆ ತೋರಿಸುವ ರೀತಿ. ಅಲ್ಲಿ ಅವ್ವ ಮಾತಾಡುವುದಿಲ್ಲ, ಸೋದರಮಾವ ಮಾತಾಡುತ್ತಾನೆ. ಕೊರತೆ ಹೇಳುವುದಿಲ್ಲ, ಗುಣ ಹೇಳುತ್ತಾರೆ.

ಮಾವ ಹೇಳಿದ. ಹುಡುಗಿ ಕಸ ಹೊಡೆಯುತ್ತಾಳೆ, ನೀರು ತರುತ್ತಾಳೆ, ಹಿರಿಯರ ಕಾಲು ಮುಟ್ಟುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ. ಮಾಸ್ತರರು ಅದನ್ನು ಒಪ್ಪಿಕೊಂಡು, ಶಾಲೆಯಲ್ಲೂ ಬಹಳ ಸಮಾಧಾನದ ಹುಡುಗಿ, ತಾವು ಅವಳಿಗೆ ಬೇರೆಯಾಗಿಯೇ ಕೂಡಿಸಿಕೊಂಡು ಕಲಿಸುತ್ತೇವೆ ಅಂದರು. ಇಷ್ಟು ಒಳ್ಳೆಯ ಮಗು, ಇಷ್ಟು ಒಳ್ಳೆಯ ಶಾಲೆ ಇರುವಾಗ ನಾವೆಲ್ಲ ಯಾಕೆ ಸೇರಿದ್ದೇವೆ ಎಂಬ ಪ್ರಶ್ನೆಯನ್ನು ಸ್ಪರ್ಧೆಯಲ್ಲಾಗಿದ್ದರೆ ಕೇಳಿಬಿಡುತ್ತಿದ್ದೆ. ಸಭೆ ನೋಡಲು ಬಂದಿದ್ದ ತರಬೇತಿಯ ಅಧಿಕಾರಿಗಳು ತೊಂದರೆಗಳೇನು ಎಂದು ಎರಡು ಸಲ ಕೇಳಿದರು. ಏನೂ ಇಲ್ಲ ಎಂದು ಎರಡೂ ಕಡೆಯಿಂದ ಉತ್ತರ ಬಂತು. ಚಹಾ ಆಯಿತು, ಅವ್ವ ಮನೆಯಿಂದ ತಂದಿದ್ದ ಹಚ್ಚಿದ ಅವಲಕ್ಕಿ ಆಯಿತು. ಏಳುವ ಹೊತ್ತಿಗೆ ಮಾಸ್ತರರು ಗಂಟಲು ಸರಿಮಾಡಿಕೊಂಡು ಹೇಳಿದರು, "ಎಲ್ಲಾ ಛಲೋ ಐತಿ. ಮ್ಯಾಲಿನವರನ್ನ ಕೇಳಿ ತಿಳಸ್ತೇನಿ ಮತ್ತ."

ಅವ್ವನ ಮುಖ ಬಿಳಿಚಿಕೊಂಡಿತು. ಕನ್ಯೆ ನೋಡಲು ಬಂದವರು ಬೇಡ ಎಂದು ಯಾರ ಮುಖಕ್ಕೂ ಹೇಳುವುದಿಲ್ಲ. ಅವಲಕ್ಕಿ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುತ್ತಾರೆ. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಗಳ ಜಡೆಯಿಂದ ಜಾರಿದ್ದ ಅಬ್ಬಲಿಗೆಯನ್ನು ಆರಿಸಿಕೊಂಡು ಅವಳು ಯಾರನ್ನೂ ನೋಡದೆ ಹೋದಳು. ಅಧಿಕಾರಿಗಳು ಬಸ್ಸಿಗೆ ಕಾಯುವಾಗ ನನ್ನ ಕಡೆ ತಿರುಗಿ, ಮುಂದಿನ ತಿಂಗಳು ಇನ್ನೊಮ್ಮೆ ಕೂಡೋಣ, ಅಷ್ಟರಲ್ಲಿ ಇವರಿಗೆ ಹಬ್ಬದ ಬಟ್ಟೆ ತೆಗೆಸು ಅಂದರು.

ಒಂದು ವಾರ ಬಿಟ್ಟು ಸಂಜೆ ಅವ್ವನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಎಮ್ಮೆ ಹಿಂಡಲು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಬರ್ರಿ ಅಂತಲೂ ಅನ್ನಲಿಲ್ಲ. ನಾನು ಸಮೀಪ ಹೋದದ್ದಷ್ಟೇ, "ಅಕ್ಕಾರ, ಎಡಗಡೆ ನಿಲ್ಲಬ್ಯಾಡ್ರಿ. ಒದಿತೈತಿ" ಅಂದಳು.

ಬಲಗಡೆಗೆ ಬಂದು ನಿಂತೆ. ಎಮ್ಮೆ ಚೆನ್ನಾಗಿದೆ, ಯಾವಾಗ ಕೊಂಡಿರಿ ಎಂದು ಮಾತು ತೆಗೆದೆ. ಕೊಂಡದ್ದಲ್ಲ, ಪಾಲಿನದು ಅಂದಳು. ಪಕ್ಕದೂರಿನ ಗೌಡರದು, ಮೇಯಿಸುವುದು ಇವಳು, ಹಾಲು ಇವಳಿಗೆ, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು. ಎಡಗಡೆ ನಿಂತರೆ ಒದೆಯುತ್ತದೆ ಎಂದು ಕಂಡುಹಿಡಿಯಲು ಎಷ್ಟು ಒದೆ ತಿಂದಿರಿ ಎಂದು ಕೇಳಿದೆ. ಒಂದೂ ಇಲ್ಲವಂತೆ. ಕೊಡುವಾಗ ಗೌಡರ ಮನೆಯಾಕೆ ಹಗ್ಗ ಕೈಗೆ ಇಡುವುದಕ್ಕೆ ಮೊದಲೇ ಎಲ್ಲ ಹೇಳಿದ್ದಳು: ಎಡಗಡೆ ಒದೆಯುತ್ತದೆ, ಗುರುತಿಲ್ಲದವರಿಗೆ ಹಾಲು ಬಿಡುವುದಿಲ್ಲ, ಸಿಡಿಲಾದರೆ ಹಗ್ಗ ಹರಿಯುತ್ತದೆ, ಕೊರಳ ಕೆಳಗೆ ತುರಿಸಿದರೆ ನಿಲ್ಲುತ್ತದೆ.

ಬಿರುಕು ಹುಡುಕುವ ಹಳೆಯ ಚಾಳಿ ನನ್ನೊಳಗೆ ಎದ್ದು ಕೂತಿತು. ಗೌಡರು ಅದೇ ಎಮ್ಮೆಯನ್ನು ಹಳಿಯಾಳದ ಸಂತೆಯಲ್ಲಿ ಮಾರಿದ್ದರೆ ಇದನ್ನೆಲ್ಲ ಹೇಳುತ್ತಿದ್ದರೇ ಎಂದು ಕೇಳಿದೆ.

ಅವಳಿಗೆ ನಗು ಬಂತು. "ಸಂತ್ಯಾಗ ಯಾವ ಹುಚ್ಚ ಹೇಳತಾನ್ರಿ? ಅಲ್ಲಿ ಹಗ್ಗ ಕೊಟ್ರ ಮುಗೀತು, ಒದಿಸಿಕೊಳ್ಳಾಂವ ಬ್ಯಾರೆ."

"ಪಾಲಿಗೆ ಕೊಡುವಾಗ ಯಾಕ ಹೇಳತಾರ ಮತ್ತ?"

"ಎಮ್ಮಿ ಅವರದ ಇರತೈತಲ್ರಿ. ನಾ ತಪ್ಪ ಮಾಡಿದ್ರ ಅವರದೂ ಹಾಳು."

"ಹಂಗಾರ ಮೊನ್ನೆ ಸಾಲ್ಯಾಗ ನೀವು ಮಗಳನ್ನ ಮಾರಾಕ ಕರಕೊಂಡು ಬಂದಿದ್ರೋ, ಪಾಲಿಗೆ ಕೊಡಾಕ ಬಂದಿದ್ರೋ?"

ಸ್ಪರ್ಧೆಯಾಗಿದ್ದರೆ ಗಂಟೆ ಹೊಡೆದು ಚಪ್ಪಾಳೆ ಬೀಳುತ್ತಿತ್ತು. ಅವ್ವ ಹಾಲಿನ ಚರಿಗೆಯನ್ನು ಕೆಳಗಿಟ್ಟು ಎದ್ದು ನಿಂತಳು.

"ಅಕ್ಕಾರ, ನನ್ನ ಮಗಳೇನು ಎಮ್ಮಿ ಅಲ್ರಿ."

ಅಲ್ಲಿಗೂ ಅವಳು ಬಿಡಲಿಲ್ಲ. ಗೌಡರ ಮನೆಯಾಕೆಗೆ ತಾನು ಎಮ್ಮೆಯನ್ನು ತಿರುಗಿ ಕಳಿಸುತ್ತೇನೆಂಬ ಭಯ ಇರಲಿಲ್ಲ, ಮಗಳ ವಿಷಯದಲ್ಲಿ ತನಗೆ ಆ ಭಯ ಇದೆ ಅಂದಳು. ಹುಡುಗಿ ಕಚ್ಚುತ್ತಾಳೆ ಎಂದು ತನ್ನ ಬಾಯಿಂದ ಬಂದರೆ ಮರುದಿನ ಧಾರವಾಡದ ಬಸ್ಸು ಹತ್ತಿಸುತ್ತಾರೆ. ಆಗ ನೀವು ಬಂದು ತಡೆಯುತ್ತೀರೇನು ಎಂದು ಒಂದರ ಮೇಲೊಂದು ಕೇಳಿದಳು. ನಿಜಕ್ಕೂ ನನ್ನ ಹೋಲಿಕೆಗಿಂತ ಅವಳ ಖಂಡನೆ ಗಟ್ಟಿಯಿತ್ತು. ಹುಡುಗಿ ಕಚ್ಚುತ್ತಾಳೆ ಎಂಬುದು ಮಾಸ್ತರರಿಗೆ ಈಗಾಗಲೇ ಗೊತ್ತಿರಲಾರದೇ ಎಂದಷ್ಟೇ ಕೇಳಿದೆ. ಗೊತ್ತಿದೆ, ಅವರ ಕೈ ಮೇಲೆಯೇ ಗುರುತಿದೆ ಅಂದಳು. ಆಮೇಲೆ ತುಸು ಹೊತ್ತು ಎಮ್ಮೆಯ ಕೊರಳು ತುರಿಸುತ್ತ ನಿಂತು, "ಯಾಕ ಕಚ್ಚತಾಳ ಅನ್ನೂದು ಗೊತ್ತಿಲ್ಲ ಅವರಿಗೆ" ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ಒಳಗೆ ಕರೆದು ಹಸಿ ಹಾಲಿನ ಚಹಾ ಮಾಡಿಕೊಟ್ಟಳು. ಅದನ್ನು ಸಭೆಯಲ್ಲಿ ಹೇಳುತ್ತೇನೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಇನ್ನು ಮಾಸ್ತರರು. ಅವರನ್ನು ನಾನು ಮೊದಲಿಂದಲೂ ಎದುರಾಳಿಯ ಪಟ್ಟಿಗೆ ಹಾಕಿಬಿಟ್ಟಿದ್ದೆ. ಶಾಲೆ ಬಿಟ್ಟ ಮೇಲೆ ಅವರೊಬ್ಬರೇ ಕಿಟಕಿ ಮುಚ್ಚುತ್ತಿದ್ದಾಗ ಹೋಗಿ, ಮುಂದಿನ ಸಭೆಯಲ್ಲಿ ಅವ್ವ ಕೊರತೆಗಳನ್ನು ಹೇಳಬಹುದು, ಆಗ ನಿಮ್ಮ ಕಡೆಯ ಕೊರತೆಗಳನ್ನೂ ಹೇಳಬೇಕಾಗುತ್ತದೆ ಅಂದೆ. ಪಾಲಿನ ಎಮ್ಮೆಯ ಕಥೆಯನ್ನೂ ಹೇಳಿದೆ. ಅವರು ಕಿಟಕಿಯ ಚಿಲಕ ಹಿಡಿದೇ, "ಸಂತ್ಯಾಗ ಎತ್ತಿನ ಹಲ್ಲ ಎಣಿಸಿಧಂಗ ನನ್ನ ಹಲ್ಲೂ ಎಣಸ್ತೀರೇನ ಮತ್ತ?" ಅಂದರು. ನಕ್ಕದ್ದು ನಾನು ಮಾತ್ರ.

ಆಮೇಲೆ ಕಟ್ಟೆಯ ಮೇಲೆ ಕೂತು, ಎದುರಿನ ರಸ್ತೆ ತೋರಿಸಿದರು. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಲಾರಿ, ಟ್ರ್ಯಾಕ್ಟರು ಸಾಲಾಗಿ ಹೋಗುವ ರಸ್ತೆ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿ ತಟ್ಟೆ ಬಿಟ್ಟು ಆ ರಸ್ತೆಗೆ ಓಡುತ್ತಾಳೆ. ಬೆನ್ನಟ್ಟಿ ಹಿಡಿದರೆ ಕಚ್ಚುತ್ತಾಳೆ. ಒಮ್ಮೆ ಲಾರಿಯ ಚಾಲಕ ಬ್ರೇಕು ಹಾಕಿ, ಇಳಿದು ಬಂದು, ಮಕ್ಕಳ ಎದುರಿಗೇ ಮಾಸ್ತರರಿಗೆ ಬಾಯಿಗೆ ಬಂದಂತೆ ಬೈದು ಹೋಗಿದ್ದ. ಇದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಒಬ್ಬ ಹುಡುಗಿಯನ್ನು ಹಿಡಿದಿಡಲು ಬಾರದವನು ಎಂದು ಊರವರ ಮುಂದೆ, ಅದೂ ಅವಳ ಮಾವನ ಮುಂದೆ, ಹೇಗೆ ಹೇಳುವುದು? ಅದಕ್ಕಿಂತ ಒಳಗಿನ ಮಾತು ಕೊನೆಗೆ ಬಂತು. "ಆಕಿಗೆ ನನ್ನ ಕಂಡ್ರ ಅಂಜಿಕಿ ಐತ್ರಿ. ಇಪ್ಪತ್ತ ವರ್ಷ ಆತು ಈ ಕೆಲಸ ಮಾಡಾಕತ್ತು, ಯಾವ ಹುಡುಗೂರೂ ನನ್ನ ಕಡೆಯಿಂದ ಹಿಂಗ ಓಡಿ ಹೋಗಿಲ್ಲ."

ಎದುರಾಳಿಯ ಪಟ್ಟಿಯಿಂದ ಅವರನ್ನು ಅವತ್ತೇ ತೆಗೆದೆ.

ಎರಡನೇ ಸಭೆಗೆ ಮೇಜು ಕುರ್ಚಿ ಬೇಡ ಎಂದು ಹಟ ಹಿಡಿದು ಜಮಖಾನ ಹಾಸಿಸಿದೆ. ಅಧಿಕಾರಿಗಳು ಮೊಣಕಾಲು ಹಿಡಿದುಕೊಂಡು, ನಿನ್ನ ಸಮಾನತೆಗೆ ನನ್ನ ಸಂಧಿವಾತ ಬಲಿ ಎನ್ನುತ್ತ ಕೂತರು. ಹುಡುಗಿ ಶಾಲೆಯ ನೀಲಿ ಬಟ್ಟೆಯಲ್ಲೇ ಇದ್ದಳು. ಅವ್ವ ಹೊಲದಿಂದ ನೇರ ಬಂದಿದ್ದಳು. ಸೀರೆಯ ಅಂಚಿಗೆ ಕೆಸರಿತ್ತು, ಸೋದರಮಾವ ಇರಲಿಲ್ಲ. ಮಾಸ್ತರರು ಚಿತ್ರಪಟ ನೋಡುತ್ತ ಕೂತರು. ನಾನು ಬಾಯಿ ತೆರೆಯಹೊರಟಾಗ ಅಧಿಕಾರಿಗಳು ಕಣ್ಣಲ್ಲೇ ತಡೆದರು. ಸುಮ್ಮನಿರುವುದು ನನಗೆ ಯಾವ ಸ್ಪರ್ಧೆಯಲ್ಲೂ ಕಲಿಸದ ವಿದ್ಯೆ.

ಕೊನೆಗೆ ಅವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು ಶುರು ಮಾಡಿದಳು. "ಗುರುಗಳ, ನನ್ನ ಮಗಳು ಹಿಂದಿನಿಂದ ಕೈ ಹಿಡದ್ರ ಕಚ್ಚತಾಳ್ರಿ. ಮುಂದ ಬಂದು ಕೈ ಚಾಚಿದ್ರ ತಾನ ಬಂದು ಹಿಡಕೋತಾಳ. ಒಂದಕ್ಕ ಬಂದ್ರ ಬಾಯಿಬಿಟ್ಟು ಹೇಳೂದಿಲ್ಲ, ಅಂಗಿ ತುದಿ ಹಿಂಡಕೋತ ನಿಲ್ಲತಾಳ. ಆವಾಗ ಹೊರಗ ಕಳಸಬೇಕ್ರಿ. ಮತ್ತ ಮಧ್ಯಾಹ್ನದ ಬಸ್ಸಿನ ಹಾರ್ನ್ ಆತಂದ್ರ ಆಕಿ ನಿಲ್ಲೂದಿಲ್ಲ. ಅವರಪ್ಪ ಗೋವಾದಿಂದ ಬಂದ್ರ ಅದ ಬಸ್ಸಿಗೆ ಇಳಿತಾರ. ಅಪ್ಪ ಬಂದ ಅಂತ ಓಡತಾಳ."

ಮಾಸ್ತರರು ಚಿತ್ರಪಟದಿಂದ ಕಣ್ಣು ತೆಗೆದರು. "ಬಸ್ಸಿಗೆ ಓಡತಾಳೇನು?"

"ಹೂಂ ರೀ. ಮನ್ಯಾಗಿದ್ರೂ ಓಡತಾಳ."

"ನನಗ ಅಂಜಿ ಓಡತಾಳ ಅಂತ ತಿಳಕೊಂಡಿದ್ನೆವಾ ನಾ."

"ನಿಮಗ್ಯಾಕ ಅಂಜತಾಳ್ರಿ? ಮನ್ಯಾಗ ದಿನಾ ನಿಮ್ಮಂಗ ಕೋಲ ಹಿಡದು ಗ್ವಾಡಿಗೆ ಸಾಲಿ ಕಲಸತಾಳ."

ಮಾಸ್ತರರು ಎದ್ದು ಹೊರಗೆ ಹೋದರು. ನೀರು ಕುಡಿಯಲು ಹೋದೆ ಎಂದು ಬಂದ ಮೇಲೆ ಹೇಳಿದರು. ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ, ಅದನ್ನೂ ನಂಬಲಿಲ್ಲ.

ಆಮೇಲೆ ಅವರೇ ಹೇಳಿದರು: ಎರಡು ಇಯತ್ತೆ ಒಟ್ಟಿಗೆ ನೋಡಬೇಕು, ಹುಡುಗಿಗೆ ಬೇರೆ ಕೂಡಿಸಿ ಕಲಿಸಿದ್ದು ಎಂದೂ ಇಲ್ಲ, ಮಣಿಗಳ ಚೌಕಟ್ಟು ಹೊರತೆಗೆದದ್ದು ಸಭೆಗಾಗಿ ಮಾತ್ರ, ಲಾರಿಗಳ ಕಾಲದಲ್ಲಿ ತನಗೆ ಎದೆ ಹೊಡೆದುಕೊಳ್ಳುತ್ತದೆ. ಅವ್ವ ಅದನ್ನೆಲ್ಲ ಪಾಲಿನ ಎಮ್ಮೆಯ ದೋಷ ಕೇಳಿಸಿಕೊಂಡಂತೆಯೇ ಕೇಳಿಸಿಕೊಂಡಳು, ಆಶ್ಚರ್ಯವಿಲ್ಲದೆ. ಎಲ್ಲ ಆದ ಮೇಲೆ, ಯಾರೂ ಮುಟ್ಟದೆ ಬಿಟ್ಟಿದ್ದ ಮಾತನ್ನು ತಾನೇ ಮುಟ್ಟಿದಳು.

"ಧಾರವಾಡಕ್ಕ ಕಳಸ್ತೀರೇನ್ರಿ?"

ಮ್ಯಾಲಿನವರನ್ನು ಕೇಳಿ ತಿಳಿಸುತ್ತೇನೆ ಎಂಬ ಮಾತು ಈ ಸಲ ಬರಲಿಲ್ಲ. "ಇಲ್ಲೇ ಇರಲಿ" ಅಂದರು ಮಾಸ್ತರರು. "ಆದ್ರ ನನ್ನೊಬ್ಬನ ಕೈಲೆ ಆಗೂದಿಲ್ಲ ನೋಡವಾ."

ಆಗ ಪಾಲು ಹಾಕುವುದು ನಡೆಯಿತು. ಅದು ನಮ್ಮ ತರಬೇತಿಯಲ್ಲಿ ಹೇಳಿದ ಕ್ರಮದಲ್ಲಿ ಇರಲಿಲ್ಲ. ಹುಡುಗಿಯನ್ನು ಅಡುಗೆಕೋಣೆಯ ಕಡೆಗಿನ ಬಾಗಿಲ ಹತ್ತಿರ ಕೂಡಿಸುವುದು. ಅಂಗಿಯ ತುದಿಯ ಮೇಲೆ ಬಿಸಿಯೂಟದ ಅಡುಗೆಯವರು ಒಂದು ಕಣ್ಣಿಡುವುದು. ಮಣಿಗಳ ಚೌಕಟ್ಟು ಸಂಜೆ ಅವಳ ಮನೆಗೇ ಹೋಗುವುದು, ಅವ್ವ ಅದರ ಜೊತೆ ಕೂರುವುದು. ತಿಂಗಳಿಗೆರಡು ದಿನ ನಾನು ಬಂದು ಆ ಎರಡೂ ಇಯತ್ತೆಗಳನ್ನು ನೋಡಿಕೊಳ್ಳುವುದು, ಆಗ ಮಾಸ್ತರರು ಅವಳೊಬ್ಬಳಿಗೆ ಕಲಿಸುವುದು. ಬಸ್ಸಿನ ಪಾಲು ಯಾರದು ಎಂಬಲ್ಲಿ ಮಾತು ನಿಂತಿತು. ಅದು ನನ್ನ ಪಾಲು ಅಂದರು ಮಾಸ್ತರರು. ಹಾರ್ನ್ ಆಗುವ ಮೊದಲೇ ಅವಳ ಮುಂದೆ ಬಂದು ಕೈ ಚಾಚುವುದು, ಇಬ್ಬರೂ ರಸ್ತೆಯಂಚಿನ ಮತ್ತಿಮರದ ತನಕ ಹೋಗುವುದು, ಯಾರು ಇಳಿದರು ನೋಡಿ ವಾಪಸು ಬರುವುದು. ಇದನ್ನು ಯಾವ ಕಲಿಕೆಯ ಕೆಳಗೆ ಬರೆಯಲಿ ಎಂದು ಅಧಿಕಾರಿಗಳು ಪೆನ್ನು ಎತ್ತಿ ಕೇಳಿದರು. ಇಳಿದವರನ್ನು ಎಣಿಸುತ್ತಾಳೆ, ಗಣಿತದ ಕೆಳಗೆ ಬರೆಯಿರಿ ಎಂದು ಮಾಸ್ತರರು ಒಂದಿಷ್ಟೂ ನಗದೆ ಹೇಳಿದರು.

ಇದರಿಂದ ಇಂಥ ಸಭೆಗಳೆಲ್ಲ ಫಲಿಸುತ್ತವೆ ಎಂದು ಸಿದ್ಧವಾಯಿತೇ? ಇಲ್ಲ. ಮುಂಡಗೋಡ ಕಡೆಯ, ಜೋಯಿಡಾ ಕಾಡಿನ ಒಳಗಿನ ಶಾಲೆಗಳಿಗೆ ಆಮೇಲೆ ಪಾಲಿನ ಎಮ್ಮೆಯ ಮಾತು ಹೊತ್ತುಕೊಂಡು ಹೋಗಿ ಎಷ್ಟೋ ಕಡೆ ಬರಿಗೈಲಿ ಬಂದಿದ್ದೇನೆ. ಕುಂಬಾರವಾಡದ ಕಡೆ ಒಬ್ಬ ತಂದೆ ಎಲ್ಲ ಕೇಳಿ, ನಮ್ಮಲ್ಲಿ ಎಮ್ಮೆಯೇ ಇಲ್ಲ ಎಂದು ಕೊಂಕಣಿಯಲ್ಲಿ ಹೇಳಿ ನನ್ನ ಬಾಯಿ ಮುಚ್ಚಿಸಿದ. ಈ ಹುಡುಗಿಯೂ ಅಕ್ಷರದಲ್ಲಿ ದೊಡ್ಡದೇನೂ ಸಾಧಿಸಲಿಲ್ಲ. ನಾಲ್ಕನೇ ಇಯತ್ತೆ ಮುಗಿಯುವಾಗ ತನ್ನ ಹೆಸರು ಬರೆಯುತ್ತಿದ್ದಳು, ಕೊನೆಯ ಅಕ್ಷರ ತಿರುಗುಮುರುಗಾಗಿ. ಎಣಿಕೆ ಮಾತ್ರ ಬಂತು. ಬಸ್ಸಿನಿಂದ ಎಷ್ಟು ಜನ ಇಳಿಯುತ್ತಾರೋ ಅಷ್ಟರ ತನಕ.

ಮಾಸ್ತರರಿಗೆ ಮುಂಡಗೋಡ ಕಡೆ ವರ್ಗವಾದಾಗ ನಾನು ಆ ಊರಿಗೆ ಹೋಗಿದ್ದೆ. ಅವರ ಜಾಗಕ್ಕೆ ಬಂದಿದ್ದವರು ಒಬ್ಬ ಹೊಸ ಶಿಕ್ಷಕಿ, ಊರವರ ಬಾಯಲ್ಲಿ ಹೊಸ ಅಕ್ಕಾರು. ಮಾಸ್ತರರು ಕೀಲಿಕೈ ಗೊಂಚಲು ಕೊಡುವುದಕ್ಕೂ ಮೊದಲು ಹುಡುಗಿಯನ್ನು ಕರೆದು ನಿಲ್ಲಿಸಿ, ಹಿಂದಿನಿಂದ ಹಿಡಿಯಬೇಡಿ ಎಂಬಲ್ಲಿಂದ ಶುರು ಮಾಡಿ ಒಂದೊಂದೇ ಹೇಳಿದರು, ತಮ್ಮ ಕೈಯ ಗುರುತನ್ನೂ ತೋರಿಸಿದರು. ಹೊಸ ಅಕ್ಕಾರು ಮುಜುಗರಪಟ್ಟು, ಮಗುವಿನ ಎದುರಿಗೇ ಇದನ್ನೆಲ್ಲ ಹೇಳಬೇಕೇ ಎಂದು ಮೆಲ್ಲಗೆ ಕೇಳಿದರು. ಬಾಗಿಲ ಒಳಗೆ, ಗೋಡೆಗೆ ಒರಗಿ ಕೂತಿದ್ದ ಅವ್ವ ಉತ್ತರ ಕೊಟ್ಟಳು. "ಹೇಳಬೇಕ್ರಿ ಅಕ್ಕಾರ. ನಾವೇನ ಮಾರಾಕತ್ತಿಲ್ಲಲ್ಲ."

ಮಾಸ್ತರರು ಹೊರಟದ್ದು ಮಧ್ಯಾಹ್ನದ ಬಸ್ಸಿಗೆ. ಹಾರ್ನ್ ಆಗುವ ಮೊದಲೇ ಹುಡುಗಿ ಅವರ ಮುಂದೆ ಬಂದು ಕೈ ಚಾಚಿದಳು. ಮತ್ತಿಮರದ ಹತ್ತಿರ ಆ ಕೈಯನ್ನು ಹೊಸ ಅಕ್ಕಾರ ಕೈಗಿಟ್ಟು, ಟ್ರಂಕು ಎತ್ತಿಕೊಂಡು ಅವರು ಬಸ್ಸು ಹತ್ತಿದರು. ಹುಡುಗಿ ದಿನದಂತೆ ಎಣಿಸಿದಳು. ಇಳಿದವರು ಮೂವರು. ಹತ್ತಿದವರನ್ನು ಎಣಿಸುವುದು ನಮ್ಮ ಯೋಜನೆಯಲ್ಲಿ ಇರಲಿಲ್ಲ.